ಸಿಗ್ನಲ್ ಸಿಗುವ ಜಾಗ

ತೌನೊನ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಒಂದೇ ಕಡೆ: ಕೆರೆದಂಡೆಯ ಸೌನಾದ, ಅಂದರೆ ಹಬೆಸ್ನಾನದ ಮನೆಯ, ಸೂರಿನ ಮೇಲೆ, ಹೊಗೆಗೂಡಿನ ಪಕ್ಕದಲ್ಲಿ. ಅವನಿಗೆ ಹೆದರಿಕೆಯಿದ್ದದ್ದೂ ಒಂದಕ್ಕೇ, ಎತ್ತರಕ್ಕೆ. ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಗೋಡೆಯನ್ನು ಹಿಡಿದುಕೊಳ್ಳುವ ಆಸಾಮಿ.

ಮರದ ಮಿಲ್ಲು ಮುಚ್ಚಿದ ಮೇಲೆ ಅವನ ಜೀವನ ನಿರುದ್ಯೋಗ ಭತ್ಯೆಯ ಮೇಲೆ ನಡೆಯುತ್ತಿತ್ತು. ಮೊದಲಾದರೆ ಬಸ್ಸು ಹತ್ತಿ ಪೇಟೆಯ ಉದ್ಯೋಗ ಕಚೇರಿಗೆ ಹೋಗಿ, ಟೋಪಿ ಕಳಚಿ ಕೂತು, ಇನ್ನೂ ಕೆಲಸ ಸಿಕ್ಕಿಲ್ಲವೆಂದು ಹೇಳಿಬಂದರೆ ಆಗುತ್ತಿತ್ತು. ಈ ವರ್ಷ, ಪೇಟೆಯವರಿಗೂ ಹಳ್ಳಿಯವರಿಗೂ ಸಮಾನ ಸೇವೆ ಸಿಗಲೆಂದು ಆ ಕಚೇರಿಯನ್ನು ಎಲ್ಲರಿಗೂ ಸಮಾನವಾಗಿ ಮುಚ್ಚಿಬಿಟ್ಟಿದ್ದರು. ಇನ್ನೆಲ್ಲ ಫೋನಿನಲ್ಲಿ. ಗುರುವಾರ ಹಗಲು ಯಾವಾಗಲಾದರೂ ಕರೆ ಬರುತ್ತದೆ, ಎತ್ತದಿದ್ದರೆ ಭತ್ಯೆ ನಿಲ್ಲುತ್ತದೆ ಎಂದು ತಿಳಿಸಿದ್ದರು.

ಹಾಗಾಗಿ ಗುರುವಾರ ಬೆಳಿಗ್ಗೆ ಕಾಫಿ ಕುಡಿದವನೇ ಏಣಿ ಇಟ್ಟು, ಕಣ್ಣು ಮುಚ್ಚಿ ಹತ್ತಿ, ಹೊಗೆಗೂಡನ್ನು ಬಹಳ ಕಾಲದ ಮೇಲೆ ಸಿಕ್ಕ ಒಡಹುಟ್ಟಿದವನಂತೆ ಎರಡೂ ಕೈಯಿಂದ ತಬ್ಬಿ ಕೂತ. ಫೋನು ಅಂಗಿಯ ಜೇಬಿನಲ್ಲಿತ್ತು.

ಹಣ್ಣು ಆರಿಸಲು ಕಾಡಿಗೆ ಹೊರಟಿದ್ದ ನೆರೆಮನೆಯ ಇಂಪಿ ಸೈಕಲ್ಲು ನಿಲ್ಲಿಸಿದಳು.

"ಅಂತೂ ಹತ್ತಿದೆಯಲ್ಲ ತೌನೊ. ಆ ಸೂರು ಸೋರ್ತಿದೆ ಅಂತ ನಮ್ಮ ಯಜಮಾನ್ರು ಸಾಯೋವರೆಗೂ ಹೇಳ್ತಿದ್ರು."

"ರಿಪೇರಿಗಲ್ಲ ಇಂಪಿಯಕ್ಕ. ಒಂದು ಫೋನು ಬರೋದಿದೆ."

"ಹೂಂ ಹೂಂ. ಫೋನು," ಎಂದು ನಕ್ಕ ಇಂಪಿ, ಕಾಡಿನ ದಾರಿ ಬಿಟ್ಟು ಊರಿನ ಕಡೆಗೆ ಸೈಕಲ್ಲು ತಿರುಗಿಸಿದಳು.

ಅವಳು ಯಾಕೆ ತಿರುಗಿದಳೆಂದು ತೌನೊನಿಗೆ ಗೊತ್ತಿತ್ತು. ಅವರೂರು ಕೋರ್ಪಿಲದಲ್ಲಿ ಯಾರೂ ಬಾಯಿಬಿಟ್ಟು ಸಹಾಯ ಕೇಳುವುದಿಲ್ಲ. ಒಬ್ಬ ಸೂರು ಹತ್ತಿದ್ದು ಕಂಡರೆ ಸಾಕು, ಊರೇ ಮುಯ್ಯಾಳಾಗಿ ಬರುತ್ತದೆ. ಬಂದವರಿಗೆ 'ಬೇಡ, ಬೇಡ' ಅನ್ನುವುದು ಮನೆಯವನ ಮರ್ಯಾದೆ. ಅದನ್ನು ಕಿವಿಗೆ ಹಾಕಿಕೊಳ್ಳದಿರುವುದು ಬಂದವರ ಮರ್ಯಾದೆ.

ಸ್ವಲ್ಪ ಹೊತ್ತಿಗೆಲ್ಲ ರೈಮೊನ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಟ್ರೈಲರಿನಲ್ಲಿ ತಗಡು, ಅದರ ಮೇಲೆ ಅರ್ಧ ಊರು.

"ಕೊಟ್ಟಿಗೆಗೆ ತಂದ ತಗಡು ಮಿಕ್ಕಿತ್ತು ಕಣಯ್ಯ," ಎಂದ ರೈಮೊ.

"ಬೇಡ ಮಾರಾಯ, ನಿನ್ನ ಕಾಲಿಗೆ ಬೀಳ್ತೀನಿ. ನಾನು ಫೋನಿಗೆ ಕಾಯ್ತಿದ್ದೀನಿ, ಅಷ್ಟೇ."

"ಎಷ್ಟು ಸಂಕೋಚ ನೋಡಿ ಇವನಿಗೆ," ಎಂದು ರೈಮೊ ಉಳಿದವರ ಕಡೆ ತಿರುಗಿದ. "ಇವರಪ್ಪನೂ ಹೀಗೇ. ಮನೆಗೆ ಬೆಂಕಿ ಬಿದ್ದಾಗ, ಪರವಾಗಿಲ್ಲ, ತಾನೇ ಆರುತ್ತೆ, ನೀವ್ಯಾಕೆ ಬಂದ್ರಿ ಅಂದಿದ್ದ."

ಹಳೆಯ ಹಲಗೆಗಳು ಕಿರುಗುಟ್ಟುತ್ತ ಕಿತ್ತು ಬಂದವು. ತೌನೊ ಕೂತಿದ್ದ ಹಲಗೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಕೆಳಗಿಳಿಯಿತು. ಪ್ರವಾಹದಲ್ಲಿ ನಡುಗಡ್ಡೆಯ ಮೇಲೆ ಉಳಿದ ಕುರಿಯಂತಾದ ಅವನು. ಆ ಕಡೆ ಅವನ ಅಡಿಗೆಮನೆಯ ಕಿಟಕಿಯಿಂದ ಇಂಪಿ ಕೂಗಿದಳು: "ಬಟಾಣಿ ಎಲ್ಲಾ ಸುರಿದುಬಿಟ್ಟೆ ತೌನೊ. ಗುರುವಾರ ಅಲ್ವಾ, ಸೂಪು ಆಗ್ಲೇಬೇಕು. ಉಪ್ಪುಮಾಂಸ ಇನ್ನೂ ಇದೆಯಾ?"

ತೌನೊನಿಗೆ ಉಪ್ಪುಮಾಂಸದ ಚಿಂತೆಯಿರಲಿಲ್ಲ. ಈ ಸುತ್ತಿಗೆಗಳ ಗದ್ದಲದಲ್ಲಿ ಫೋನು ಬಂದರೆ ತನಗೆ ಕೇಳಿಸದು. ಕೇಳಿಸಿ ಎತ್ತಿದರೆ ಕಚೇರಿಯವರಿಗೆ ಸುತ್ತಿಗೆ ಕೇಳಿಸುತ್ತದೆ. ಭತ್ಯೆ ತಿಂದು ಕದ್ದು ಕೂಲಿ ಮಾಡುತ್ತಿದ್ದಾನೆ ಅಂದುಕೊಂಡರೆ ಮುಗಿಯಿತು.

"ಸ್ವಲ್ಪ ಹೊತ್ತು ಸುತ್ತಿಗೆ ನಿಲ್ಲಿಸ್ರೋ," ಎಂದು ಗೋಗರೆದ.

"ಊಟಕ್ಕೆ ಕರೀತಿದ್ದಾನೆ," ಎಂದ ರೈಮೊ. ಎಲ್ಲರೂ ಇಳಿದು ಹೋದರು.

ಊಟದುದ್ದಕ್ಕೂ ಕೆರೆಯ ಮೇಲಿನ ಗಾಳಿಯ ಸದ್ದೂ ಕೇಳುವಷ್ಟು ಮೌನ. ಫೋನು ಉಸಿರೆತ್ತಲಿಲ್ಲ. ಸೂಪು ಕುಡಿದು, ಮೇಲೆ ಕಾಫಿ ಕುಡಿದು, ಎಲ್ಲರೂ ಮತ್ತೆ ಹತ್ತಿ ತಗಡಿಗೆ ಮೊದಲ ಮೊಳೆ ಬಡಿದರು. ಫೋನು ಹೊಡೆದುಕೊಂಡಿತು.

ತೌನೊನ ಕೈಗಳು ಹೊಗೆಗೂಡನ್ನು ಬಿಡಲು ಒಪ್ಪಲಿಲ್ಲ. ಬೈದ, ಬೇಡಿಕೊಂಡ, ಕೈಗಳು ಕೇಳಲಿಲ್ಲ. ಕೊನೆಗೆ ರೈಮೊನೇ ಅವನ ಜೇಬಿಗೆ ಕೈಹಾಕಿ ಫೋನು ತೆಗೆದು, ಎಲ್ಲರಿಗೂ ಕೇಳುವಂತೆ ಮಾಡಿದ.

"ಉದ್ಯೋಗ ಕಚೇರಿಯಿಂದ ಮೆರ್ವಿ ಮಾತಾಡ್ತಿರೋದು. ತೌನೊ ಅವರು ಇದ್ದಾರಾ?"

"ಇಲ್ಲೇ ಇದ್ದಾನೆ ಮೇಡಂ, ಸೂರಿನ ಮೇಲೆ. ಎರಡೂ ಕೈ ಬಿಡುವಿಲ್ಲ."

"ಅಂದ್ರೆ, ಕೆಲಸದಲ್ಲಿದ್ದಾರಾ?"

"ನಾನು ಸುಮ್ನೆ ಕೂತಿದ್ದೀನಿ ಮೇಡಂ," ಎಂದು ತೌನೊ ಅಲ್ಲಿಂದಲೇ ಒರಲಿದ.

ಫೋನಿನ ಮಾತು ನಿಜವೆಂದೂ, ಗೆಳೆಯನ ಭತ್ಯೆ ಅಪಾಯದಲ್ಲಿದೆಯೆಂದೂ ರೈಮೊನಿಗೆ ಆಗ ಹೊಳೆಯಿತು. ತನ್ನಿಂದಾದ ತಪ್ಪನ್ನು ತಾನೇ ಸರಿಮಾಡಬೇಕೆಂದು ಗಂಟಲು ಸರಿಪಡಿಸಿಕೊಂಡ.

"ಕೂಲಿಗಲ್ಲ ಮೇಡಂ, ಅವನದೇ ಸೌನಾ. ಸುಮ್ನೆ ಕೂರೋದು ಅಂದ್ರೆ ಹೇಗೆ ಗೊತ್ತಾ? ಬೆಳಿಗ್ಗೆ ಹತ್ತಿದೋನು ಇನ್ನೂ ಇಳಿದಿಲ್ಲ. ಊಟಕ್ಕೆ ನಾವೆಲ್ಲ ಇಳಿದ್ವಿ, ಅವನು ಇಳೀಲಿಲ್ಲ. ಸುತ್ತ ಹಲಗೆ ಕಿತ್ರೂ ಅಲ್ಲಾಡಲಿಲ್ಲ. ಇಂಥ ಆಳು ಸಿಗೋದು ಕಷ್ಟ."

ಆ ಕಡೆ ಕೀಲಿಮಣೆ ಟಕಟಕಿಸಿತು. "ಅಯ್ಯೋ, ಎಷ್ಟು ಒಳ್ಳೇದಾಯ್ತು. ನಿಮ್ಮೂರಲ್ಲಿ ಯಾರಿಗೆ ಮಾಡಿದ್ರೂ ಫೋನೇ ಹೋಗಲ್ಲ ಅಂತ ಗುಡ್ಡದ ಮೇಲೆ ಟವರ್ ನಿಲ್ಲಿಸ್ತಿದ್ದಾರೆ. ತುದಿಗೆ ಹತ್ತೋಕೆ ಮಾತ್ರ ಯಾರೂ ಸಿಗ್ತಿಲ್ಲ. ತರಬೇತಿ ಅವರೇ ಕೊಡ್ತಾರೆ. ಸೋಮವಾರದಿಂದ ಬರಲಿ. ಬರೋಲ್ಲ ಅಂದ್ರೆ ಭತ್ಯೆ ನಿಲ್ಲಿಸಬೇಕಾಗುತ್ತೆ, ಏನೂ ಮಾಡೋಕಾಗಲ್ಲ. ಒಪ್ಪಿಗೆ ತಾನೇ?"

ರೈಮೊ ಫೋನನ್ನು ತೌನೊನ ಬಾಯಿಯ ಹತ್ತಿರ ಹಿಡಿದ.

"ಬೇಡ," ಎಂದ ತೌನೊ. "ಬೇಡ, ಬೇಡ."

ಸುತ್ತಲಿದ್ದವರೆಲ್ಲ ಮೆಚ್ಚಿ ತಲೆದೂಗಿದರು. ರೈಮೊ ಫೋನನ್ನು ಮತ್ತೆ ತನ್ನ ಬಾಯಿಯ ಹತ್ತಿರ ತಂದುಕೊಂಡ.

"ಒಪ್ಪಿಗೆ ಅಂತ ಬರ್ಕೊಳ್ಳಿ ಮೇಡಂ. ನಮ್ಮ ಕಡೆ ಹೀಗೇ ಹೇಳೋದು."