ಶುಕ್ರವಾರ ಕೊಡದ ಹೆಪ್ಪು

ಇರುವುದನ್ನು ಒಳಗಿಟ್ಟುಕೊಳ್ಳುವುದೇ ದೊಡ್ಡತನ, ಹೊರಗೆ ತೋರಿಸಿಕೊಳ್ಳುವುದು ಸಣ್ಣತನ ಎಂದು ಹಿರಿಯರು ಹೇಳಿದ್ದಾರೆ. ಮಂಡ್ಯದ ಒಂದು ಪ್ರಯೋಗಾಲಯದಲ್ಲಿ ನನಗೆ ಸಂಬಳ ಕೊಡುವುದು ಮಾತ್ರ ತೋರಿಸಿಕೊಳ್ಳುವುದನ್ನು ಕಲಿಸುವುದಕ್ಕೆ, ಅದೂ ಯೀಸ್ಟಿಗೆ. ಇಲ್ಲಿನ ಗುತ್ತಲು ಬಡಾವಣೆಯ ಪೆಟ್ಟಿಗೆ ಅಂಗಡಿಯವನು ಬಾಳೆಗೊನೆಯನ್ನು ಒಳಗೆ ಬಚ್ಚಿಡದೆ ಮುಂದಿನ ಕೊಕ್ಕೆಗೆ ನೇತುಹಾಕುವುದಿಲ್ಲವೆ? ಹಾಗೆಯೇ ಯೀಸ್ಟಿನ ಕಣವೂ ತಾನು ತಯಾರಿಸಿದ ಪ್ರೋಟೀನನ್ನು ಮೈಮೇಲೆ ನೇತುಹಾಕಿಕೊಳ್ಳಬೇಕು. ನಮ್ಮದು ಕಬ್ಬಿನ ಸಿಪ್ಪೆಯ ನಾರನ್ನು ಕತ್ತರಿಸುವ ಪ್ರೋಟೀನು. ನಾರು ಬೆರೆಸಿ ಕೆಂಪು ಬಣ್ಣ ಹಾಕಿದ ತಟ್ಟೆಯಲ್ಲಿ ಯೀಸ್ಟು ಬೆಳೆಸಿದರೆ, ನಾರು ತುಂಡಾದ ಕಡೆ ಬಿಳಿ ಉಂಗುರ ಕಾಣಬೇಕು. ಮೂರು ವರ್ಷ ಕಾಣಲಿಲ್ಲ. ಈ ಪ್ರೋಟೀನು ಕತ್ತರಿಯ ಬಾಯನ್ನೇ ಕಣದ ಗೋಡೆಯ ಕಡೆಗೆ ತಿರುಗಿಸಿ ಕಟ್ಟಿದ್ದೇನೆ ಎಂಬುದು ಹೊಳೆದದ್ದು ಈಚೆಗೆ. ಸರಿಯಾಗಿ ತಿರುಗಿಸಿ ಕಟ್ಟಿ, ಒಂದು ಕೊಳವೆಯಷ್ಟು ಹೊಸ ಯೀಸ್ಟು ಮಾಡಿಕೊಂಡೆ. ಅಷ್ಟರಲ್ಲಿ, ಗುರುವಾರ, ನಿರ್ದೇಶಕರ ಆಜ್ಞೆ ಬಂತು: "ಸಾಕು ಮಾಡಿ. ಎಲ್ಲ ಬೇಯಿಸಿ ಚೆಲ್ಲಿ."

ಆ ಕಾಗದದ ಮೇಲೆಯೇ "ಚೆಲ್ಲುವುದಿಲ್ಲ. ಸೋಮವಾರ ಬಂದು ಉಂಗುರ ನೋಡಿ" ಎಂದು ಬರೆದು, ಎರಡು ಅಡಿಗೆರೆ ಎಳೆದು ಹಿಂದಕ್ಕೆ ಕಳಿಸಿದೆ. ಹುತಾತ್ಮನಾಗುವ ಸಕಲ ಸಿದ್ಧತೆಯೊಂದಿಗೆ ಕೊಳವೆಯನ್ನು ಯಾರೂ ಹುಡುಕದ ಜಾಗದಲ್ಲಿ, ಗಾಜಿನ ಸಾಮಾನು ಒಣಗಿಸುವ ಬಿಸಿಪೆಟ್ಟಿಗೆಯಲ್ಲಿ, ಬಚ್ಚಿಟ್ಟೆ. ಶುಕ್ರವಾರ ಬೆಳಿಗ್ಗೆ, ಇಪ್ಪತ್ತು ವರ್ಷದ ಅಭ್ಯಾಸದಂತೆ, ಬಂದವನೇ ಅದರ ಸ್ವಿಚ್ಚು ಹಾಕಿದವನೂ ನಾನೇ.

ನಮ್ಮಲ್ಲಿ ಗಾಜು ತೊಳೆದು, ಯೀಸ್ಟಿಗೆ ವಾರವಾರ ಹೊಸ ಆಹಾರ ಹಾಕುವವರು ಮಳವಳ್ಳಿ ಕಡೆಯ ನಿಂಗಮ್ಮ. ಬೆಂದ ಕೊಳವೆಯನ್ನು ನೋಡಿದರು, ನನ್ನನ್ನೂ ನೋಡಿದರು.

"ಎಪ್ಪುನ್ನ ಯಾರಾದ್ರೂ ಒಂದೇ ಮಡ್ಕೇಲಿ ಇಕ್ತಾರಾ ಸಾ? ನೀವು ಮಾಡಿದ್ ದಿನ್ವೇ ಒಂಚೂರು ತಗ್ದು ಪಕ್ಕದ ರೂಮಿನ ಫ್ರಿಜ್ಜಲ್ಲಿ ಇಟ್ಟಿವ್ನಿ."

"ಕೊಡಿ ಮಹಾತಾಯಿ!"

"ಇವತ್ ಸುಕ್ರವಾರ. ಎಪ್ಪು ಕೊಡಕಿಲ್ಲ."

"ಅದು ಮೊಸರಿನ ಹೆಪ್ಪಲ್ಲ ನಿಂಗಮ್ಮ, ವಿಜ್ಞಾನ."

"ಯಾವ್ದು ಸಾ, ಈಗ ಬೇಯ್ಸುದ್ರಲ್ಲ, ಅದಾ?"

ನಿರ್ದೇಶಕರಿಗೆ ಬಗ್ಗದ ನಾನು ಶುಕ್ರವಾರಕ್ಕೂ ಬಗ್ಗಲಿಲ್ಲ. ಬಾಗಿಲಿಗೆ ಅಡ್ಡ ನಿಂತೆ. ಆಕೆಯೂ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. ಕೊನೆಗೆ, "ನಾನಂತೂ ಕೈಯಾರೆ ಕೊಡಕಿಲ್ಲ. ಫ್ರಿಜ್ಜಿನ ಎರಡ್ನೇ ಕಾನೇಲೈತೆ. ನಾನ್ ಅತ್ಲಾಗ್ ತಿರಿಕತೀನಿ, ತಕಂಡೋಗಿ" ಎಂದು ಗೋಡೆಗೆ ಮುಖ ಮಾಡಿದರು.

ಕದ್ದೆ, ಕೆಂಪು ತಟ್ಟೆಗೆ ಹಚ್ಚಿದೆ. ಸೋಮವಾರ ನಿರ್ದೇಶಕರು ಬಂದು ತಟ್ಟೆ ನೋಡಿದರು. ಏಳು ಉಂಗುರಗಳಿದ್ದವು. ಪಕ್ಕದಲ್ಲಿದ್ದ ಕದ್ದ ಕೊಳವೆಯ ಚೀಟಿಯಲ್ಲಿ, ಆಕೆಯದೇ ಅಕ್ಷರದಲ್ಲಿ, "ನಿಂಗಮ್ಮ, ಎಪ್ಪು" ಎಂದು ಬರೆದಿತ್ತು.