ಕಾರಿನ ಬೆಲೆ ಇನ್ನೂ ಇಳಿಯುತ್ತದೆ

ಕಾರು ಕೊಂಡವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಕನಿಕರ. ಅದು ಕನಿಕರವಲ್ಲ, ಹೊಟ್ಟೆಕಿಚ್ಚು ಎಂದು ನನ್ನ ಹೆಂಡತಿ ಲಲಿತಾ ಹೇಳುತ್ತಾಳೆ. ಅವಳಿಗೆ ಅರ್ಥಶಾಸ್ತ್ರ ಗೊತ್ತಿಲ್ಲ. ನಾನಾದರೋ ರಾಮನಗರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಅದನ್ನೇ ಹೇಳಿಕೊಟ್ಟು ತಲೆಗೂದಲು ಕಳೆದುಕೊಂಡವನು. ಬೇಡಿಕೆಯ ಗೆರೆ, ಪೂರೈಕೆಯ ಗೆರೆ ಎರಡನ್ನೂ ಬೋರ್ಡಿನ ಮೇಲೆ ಎಳೆದು, ಅವು ಎಲ್ಲಿ ಕೂಡುತ್ತವೆ ಎಂದು ವರ್ಷಾವರ್ಷ ತೋರಿಸಿದವನು ಹೋಗಿ ಹೋಗಿ ಷೋರೂಮಿನವನು ಹೇಳಿದ ಬೆಲೆಗೆ ತಲೆ ಬಗ್ಗಿಸುವುದುಂಟೇ? ನಮ್ಮ ಬೀದಿಯಲ್ಲಿ ಯಾರಾದರೂ ಹೊಸ ಎಲೆಕ್ಟ್ರಿಕ್ ಕಾರಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು ಹಿಸುಕುವಾಗ ನನ್ನ ಮರುಕವೆಲ್ಲ ಆ ಮನೆಯ ಯಜಮಾನನ ಮೇಲೆ. ನಿಂಬೆಹಣ್ಣು ಒಂದೇ ಸಲಕ್ಕೆ ಪಾರಾಯಿತು. ಅವನು ಇನ್ನು ಕಂತು ಮುಗಿಯುವವರೆಗೂ ಹಿಸುಕಿಸಿಕೊಳ್ಳಬೇಕು.

ಹಾಗೆಂದು ನನಗೆ ಕಾರು ಬೇಡವೆಂದಲ್ಲ. ಎರಡು ವರ್ಷದಿಂದ ನಾನೂ ಎಲೆಕ್ಟ್ರಿಕ್ ಕಾರು ಕೊಳ್ಳುತ್ತಲೇ ಇದ್ದೇನೆ. ಬೆಲೆ ಇಳಿದರೆ 'ಈಗಷ್ಟೇ ಇಳಿಯಲು ಶುರುವಾಗಿದೆ, ಇನ್ನೂ ಇಳಿಯುತ್ತದೆ' ಎಂದು ಸುಮ್ಮನಾಗುತ್ತೇನೆ. ಏರಿದರೆ 'ಈ ಬೆಲೆಗೆ ಯಾವ ಮೂರ್ಖ ಕೊಳ್ಳುತ್ತಾನೆ, ಇಳಿಯಲೇಬೇಕು' ಎಂದು ಸುಮ್ಮನಾಗುತ್ತೇನೆ. ಏರದೆ ಇಳಿಯದೆ ನಿಂತರೆ ಏನೋ ಮಸಲತ್ತು ನಡೆದಿದೆ ಎಂದರ್ಥ. ಆಗಂತೂ ಷೋರೂಮಿನ ಹತ್ತಿರವೂ ಸುಳಿಯಬಾರದು. ಇನ್ನು ಅವರು ಕೊಡುವ ಆಯ್ಕೆಗಳೋ! ದೊಡ್ಡ ಬ್ಯಾಟರಿಯದು, ಚಿಕ್ಕ ಬ್ಯಾಟರಿಯದು, ಬ್ಯಾಟರಿಯೇ ಇಲ್ಲದ್ದು. ಹೌದು, ಕಾರು ನಿಮ್ಮದು, ಬ್ಯಾಟರಿ ನಮ್ಮದು, ಓಡಿಸಿದಷ್ಟಕ್ಕೆ ಬಾಡಿಗೆ ಕೊಟ್ಟುಕೊಂಡಿರಿ ಎನ್ನುತ್ತಾರೆ. ಮನೆ ನಿಮ್ಮದು, ಬಾಗಿಲು ಮಾತ್ರ ನಮ್ಮದು, ತೆಗೆದಷ್ಟು ಸಲ ಕಾಸು ಕೊಡಿ ಎಂದ ಹಾಗೆ. ಇನ್ನೂ ಸ್ವಲ್ಪ ಹೆಚ್ಚಿಗೆ ಕೊಟ್ಟರೆ ಕಾರಿನ ಚಾವಣಿಗೆ ಒಂದು ಗಾಜಿನ ಕಿಟಕಿ. ಏಪ್ರಿಲ್ ತಿಂಗಳಲ್ಲಿ ನಮ್ಮೂರಿನ ಬಂಡೆಗಳೇ ನೆರಳು ಹುಡುಕುತ್ತಿರುತ್ತವೆ, ಆಗ ನಾವು ದುಡ್ಡು ಕೊಟ್ಟು ಬಿಸಿಲನ್ನು ತಲೆಯ ಮೇಲೆ ಬರಮಾಡಿಕೊಳ್ಳಬೇಕಂತೆ. ಒಂದು ಸಲ ಚಾರ್ಜ್ ಮಾಡಿದರೆ ಇಷ್ಟು ದೂರ ಓಡುತ್ತದೆ ಎಂದು ಬರೆದಿರುತ್ತಾರಲ್ಲ, ಆ ದೂರ ಓಡಿಸಿದವನು ಏಸಿ ಹಾಕದೆ, ದಿಣ್ಣೆ ಹತ್ತದೆ, ಸಂಸಾರವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದಿರಬೇಕು.

ನನ್ನ ಕಾಯುವಿಕೆಗೆ ಗೊಬ್ಬರ ಹಾಕುತ್ತಿದ್ದವನು ಎದುರು ಮನೆಯ ಶೇಖರ. ಅವನು ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿದ್ದಾನೆ. ಅಲ್ಲಿ ಅವನು ಮಾಡುವುದು ಕಾರಿನ ಬಾಗಿಲಿಗೆ ಅಂಟಿಸುವ ರಬ್ಬರು ಪಟ್ಟಿ. ಆದರೆ ಮಾತು ಮಾತ್ರ ಬ್ಯಾಟರಿಯನ್ನು ತಾನೇ ಹೆತ್ತವನ ಹಾಗೆ. ಗೇಟಿನ ಬಳಿ ನಿಂತು ಅತ್ತ ಇತ್ತ ನೋಡಿ, "ಸಾ, ಯಾರ್ಗೂ ಹೇಳ್ಬೇಡಿ. ಹೊಸಾ ಬ್ಯಾಟ್ರಿ ಬತ್ತಾ ಐತೆ. ಅದು ಬಂದ್ಬುಟ್ರೆ ಈಗಿನ್ವೆಲ್ಲಾ ಗುಜ್ರಿಗೆ ಕಣ್ ಸಾ" ಎನ್ನುತ್ತಾನೆ. ಆ ಬ್ಯಾಟರಿ ಎರಡು ವರ್ಷದಿಂದ ಬರುತ್ತಲೇ ಇದೆ. ಇಷ್ಟು ಹೊತ್ತಿಗೆ ಅದು ಬಿಡದಿಯಿಂದ ತೆವಳಿಕೊಂಡು ಬಂದಿದ್ದರೂ ನಮ್ಮ ಮನೆ ಸೇರಬೇಕಿತ್ತು. ಆದರೂ ನಾನು ಅವನನ್ನು ನಂಬುತ್ತಿದ್ದೆ. ಕೊಳ್ಳಬೇಡ ಎನ್ನುವವನ ಮಾತು ಯಾವಾಗಲೂ ತೂಕವಾಗಿ ಕೇಳಿಸುತ್ತದೆ.

ಹೀಗಿರುವಾಗ ನನ್ನ ಅಕ್ಕ ಸುನಂದಾ ಫೋನು ಮಾಡಿದಳು. ಅವಳಿರುವುದು ಚನ್ನಪಟ್ಟಣದಲ್ಲಿ. ಗೃಹಪ್ರವೇಶ, ನಾಮಕರಣ, ಸೀಮಂತಗಳಿಗೆ ಮನೆಯಲ್ಲೇ ಅಡುಗೆ ಮಾಡಿ ತಲುಪಿಸುವುದು ಅವಳ ಕಸುಬು. ಭಾವನ ಹಳೆಯ ವ್ಯಾನನ್ನು ಅವಳೇ ಓಡಿಸುತ್ತಿದ್ದಳು. ಅದು ಕೆಟ್ಟು ಮೂಲೆ ಸೇರಿದ ಮೇಲೆ ಬಾಡಿಗೆಯ ಗೂಡ್ಸ್ ಆಟೋವನ್ನೇ ನೆಚ್ಚಿಕೊಂಡಿದ್ದಳು. ಅವತ್ತು ಕೂಟಗಲ್‌ನಲ್ಲಿ ಒಂದು ಗೃಹಪ್ರವೇಶ. ಆಟೋದವನು ಬರಲಿಲ್ಲ, ಫೋನೂ ಎತ್ತಲಿಲ್ಲ. ಅಕ್ಕ ಹುಳಿ, ಸಾರು, ಪಾಯಸದ ಪಾತ್ರೆಗಳನ್ನು ಬಸ್ಸಿಗೇ ಹತ್ತಿಸಿದ್ದಾಳೆ. ಕಂಡಕ್ಟರು ಪಾಯಸಕ್ಕೆ ಲಗೇಜ್ ಟಿಕೆಟ್ ಕೇಳಿದ್ದಾನೆ. ಅವಳು ತಲುಪುವ ಹೊತ್ತಿಗೆ ಎಲೆ ಹಾಕಿಸಿಕೊಂಡು ಕೂತಿದ್ದ ನೆಂಟರು ಉಪ್ಪು, ಉಪ್ಪಿನಕಾಯಿ ಎರಡನ್ನೂ ನೆಕ್ಕಿ ಮುಗಿಸಿದ್ದರಂತೆ. ಮನೆಯ ಯಜಮಾನತಿ ಎಲ್ಲರ ಎದುರಿಗೇ, "ಇನ್ಮೇಲೆ ನಿನ್ ಸಾವಾಸ ಬ್ಯಾಡ ಕಣಮ್ಮ" ಎಂದುಬಿಟ್ಟಳಂತೆ. ಇದನ್ನು ಹೇಳಿ ಅಕ್ಕ ಒಂದೇ ಉಸಿರಿಗೆ ಮುಂದುವರಿಸಿದಳು: "ಇಷ್ಟು ವರ್ಷದಲ್ಲಿ ಒಂದಿನ ನನ್ನ ಅಡುಗೆ ತಡ ಆಗಿರ್ಲಿಲ್ಲ ಕಣೋ ಮಂಜ. ಕರೆಂಟಿನ ಕಾರು ತಕ್ಕೋತೀನಿ. ಗ್ರೈಂಡರ್ ಥರ ಪ್ಲಗ್ಗಿಗೆ ಹಾಕಿದ್ರೆ ಆಯ್ತಂತಲ್ಲ. ಯಾವ್ದು ಒಳ್ಳೇದು ಹೇಳು. ನೀನು ಓದ್ಕೊಂಡಿದ್ದೀಯಲ್ಲ ಅದನ್ನೆಲ್ಲ."

ನನಗೆ ಬೇಕಾಗಿದ್ದೂ ಇದೇ. ಭಾನುವಾರ ಚನ್ನಪಟ್ಟಣಕ್ಕೆ ಹೋಗಿ, ಅವಳು ಬೀನ್ಸ್ ಹೆಚ್ಚುತ್ತಿದ್ದಾಗ ಎದುರಿಗೆ ಕೂತು ಪಾಠ ಶುರುಮಾಡಿದೆ. ಬ್ಯಾಟರಿ, ವಾರಂಟಿ, ಸಬ್ಸಿಡಿ, ಮರುಮಾರಾಟದ ಬೆಲೆ. ಅವಳು ತಲೆ ಎತ್ತದೆ, "ಹಿಂದುಗಡೆ ಡಬರಿ ಹಿಡಿಯುತ್ತಾ?" ಎಂದಳು. ಡಿಕ್ಕಿಯ ಅಳತೆಯನ್ನು ಲೀಟರಿನಲ್ಲಿ ಕೊಟ್ಟಿರುತ್ತಾರೆ ಎಂದು ವಿವರಿಸಿದೆ. ಅವಳ ಕೈ ನಿಂತಿತು. "ಲೀಟ್ರಲ್ಲಾ? ಎಷ್ಟು ಲೀಟ್ರು?" ಎಂದಳು. ಮುನ್ನೂರಕ್ಕೂ ಮೇಲೆ ಎಂದೆ. "ಅಷ್ಟು ಸಾರು ನಾನು ಯಾವ ಮದುವೇಲೂ ಮಾಡಿಲ್ಲ. ಸುಳ್ಳು ಬರೆದವ್ರೆ ಬಿಡು, ನೋಡೇ ತಕ್ಕೋಬೇಕು" ಎಂದು ಮತ್ತೆ ಬೀನ್ಸಿಗೆ ಕೈಹಾಕಿದಳು. ಕಾರು ತಯಾರಿಸುವವರ ಬಗ್ಗೆ ನನಗಿಂತ ಕಡಿಮೆ ಗೌರವ ಇರುವವರನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನ ವಾರ ಹೆದ್ದಾರಿಯ ಪಕ್ಕದ ಷೋರೂಮಿಗೆ ಹೋದೆವು. ನಾನು ಮೊದಲೇ ಹೋಗಿ ನಿಂತಿದ್ದೆ. ಅಕ್ಕ ಆಟೋದಲ್ಲಿ ಬಂದಿಳಿದಳು, ಜೊತೆಗೆ ಎರಡು ಡಬರಿ, ಒಂದು ಸಾರಿನ ಕ್ಯಾನು. ಟೈ ಕಟ್ಟಿದ್ದ ಸೇಲ್ಸ್‌ನವನು ಬಾಗಿಲು ತೆರೆದವನು ಹಾಗೆಯೇ ನಿಂತ. ಯಾರೋ ದಾರಿತಪ್ಪಿ ಬಂದ ಮದುವೆ ಮನೆಯವರು ಎಂದುಕೊಂಡಿರಬೇಕು. ಆಮೇಲೆ ಚೇತರಿಸಿಕೊಂಡು, ಕಾರು ಕೊಳ್ಳುವವಳು ಅವಳು ಎಂದು ನಾನು ಎಷ್ಟು ಹೇಳಿದರೂ, ನನ್ನ ಮುಖವನ್ನೇ ನೋಡುತ್ತಾ, "ಸರ್, ಇದರಲ್ಲಿ ಲೈಟಿನ ಬಣ್ಣ ಬದಲಾಯಿಸಬಹುದು ಸರ್, ಮೂಡಿಗೆ ತಕ್ಕ ಹಾಗೆ" ಎಂದ. ಕಾರಿಗೆ ಬಂದವನ ಮೂಡು ಕೆಡುವುದು ಬೆಲೆ ಕೇಳಿದಾಗ. ಅದಕ್ಕೆ ಯಾವ ಬಣ್ಣವಿದೆಯೋ ಅವನು ಹೇಳಲಿಲ್ಲ. ಅಷ್ಟರಲ್ಲಿ ಅಕ್ಕ ಸೆರಗು ಸಿಕ್ಕಿಸಿ ಡಬರಿ ಎತ್ತಿಕೊಂಡು ಮೊದಲನೇ ಕಾರಿನ ಡಿಕ್ಕಿಗೆ ಇಟ್ಟೇಬಿಟ್ಟಳು. "ಮೇಡಂ, ಗೀರು ಬೀಳುತ್ತೆ ಮೇಡಂ!" ಎಂದು ಅವನು ಓಡಿಬಂದ. "ನಾಳೆ ನಮ್ಮನೇಲಿ ಬೀಳಲ್ವಾ? ಹಿಡ್ಕೊಳಪ್ಪ ಆ ಕಡೆ" ಎಂದಳು. ಡಿಕ್ಕಿಯ ಮುಚ್ಚಳ ಹಾಕಲು ಬರಲಿಲ್ಲ. ಮೂಡು ಬದಲಾಯಿಸುವ ಆ ಕಾರು ಅಲ್ಲಿಗೆ ಮುಗಿಯಿತು. ಪಕ್ಕದ ಕಾರು ನೋಡಲು ಬ್ರೆಡ್ಡಿನ ಪೆಟ್ಟಿಗೆಯ ಹಾಗಿತ್ತು. ನಾನು ಅದನ್ನು ಎಂದೋ ತಳ್ಳಿಹಾಕಿದ್ದೆ. ಅದರ ಹಿಂದಿನ ಸೀಟು ಮಡಿಸಿದ ಮೇಲೆ ಎರಡು ಡಬರಿಯೂ ಕ್ಯಾನೂ ಅಲುಗಾಡದೆ ಕೂತವು. ಅಕ್ಕ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು. ಹೊಸ ಅಡುಗೆಮನೆಯ ಕಪಾಟು ನೋಡುವವಳ ಮುಖ.

ಇನ್ನು ತಡಮಾಡಿದರೆ ಕೆಟ್ಟಿತು ಎಂದು ನಾನು ಅವಳನ್ನು ಪಕ್ಕಕ್ಕೆ ಎಳೆದೆ. "ಅಕ್ಕ, ಈಗ ಬೇಡ. ಬೆಲೆ ಇಳಿಯುತ್ತದೆ" ಎಂದು ಪಿಸುಗುಟ್ಟಿದೆ. ಸೇಲ್ಸ್‌ನವನ ಕಿವಿ ಚುರುಕು. "ಸರ್, ಮುಂದಿನ ತಿಂಗಳಿಂದ ಏರುತ್ತೆ ಸರ್" ಎಂದ. ಈ ಮಾತನ್ನು ನಾನು ನಾಲ್ಕು ಷೋರೂಮುಗಳಲ್ಲಿ ಎಲ್ಲಾ ಋತುಗಳಲ್ಲೂ ಕೇಳಿದ್ದೇನೆ. ನಾನು ನಕ್ಕೆ. ಅಕ್ಕ ನಗಲಿಲ್ಲ.

"ಇಳಿಯೋದು ಯಾವಾಗ್ಲೋ?"

"ಹೇಳಲಿಕ್ಕಾಗುವುದಿಲ್ಲ. ಆರು ತಿಂಗಳು, ಒಂದು ವರ್ಷ."

"ಅಲ್ಲೀಗಂಟ ಸಾರು ನೀನು ಹೊರ್ತೀಯಾ?"

ಅರ್ಥಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆ. ಆದರೆ ಅದು ಬಾಯಿಗೆ ಬರುವ ಹೊತ್ತಿಗೆ ಅವಳು ಅಡ್ವಾನ್ಸ್ ಕೊಟ್ಟಾಗಿತ್ತು. ಅದೂ ಸುಮ್ಮನೆ ಕೊಡಲಿಲ್ಲ. ಕೆಳಗೆ ಹಾಸುವ ಮ್ಯಾಟು, ಹಿಂದುಗಡೆಗೆ ಒಂದು ದಪ್ಪ ರಬ್ಬರು ಹಾಸು, ಮನೆಗೆ ಬಂದು ಪ್ಲಗ್ಗು ಹಾಕಿಕೊಡುವುದು, ಎಲ್ಲವನ್ನೂ ಅದೇ ಬೆಲೆಗೆ ಒಪ್ಪಿಸಿಕೊಂಡಳು. ಸೇಲ್ಸ್‌ನವನು ಆ ಹೊತ್ತಿಗೆ ಅವಳನ್ನು 'ಅಮ್ಮ' ಎನ್ನುತ್ತಿದ್ದ. ನನ್ನನ್ನು ಏನೂ ಎನ್ನುತ್ತಿರಲಿಲ್ಲ.

ಎರಡು ತಿಂಗಳೂ ಆಗಿರಲಿಲ್ಲ, ಬೆಲೆ ಇಳಿಯಿತು! ಅದೇ ಕಾರು, ಅದೇ ಬ್ಯಾಟರಿ. ಬೆಳಿಗ್ಗೆ ಪೇಪರಿನಲ್ಲಿ ಆ ಸುದ್ದಿ ನೋಡಿ ನಾನು ಕಾಫಿ ಲೋಟವನ್ನು ಎಲ್ಲಿಟ್ಟೆನೋ ಮರೆತೆ. ಮಗ ರ‍್ಯಾಂಕ್ ಬಂದಿದ್ದರೂ ಅಷ್ಟು ಸಂತೋಷವಾಗುತ್ತಿರಲಿಲ್ಲ. "ಅಕ್ಕನಿಗೆ ನಷ್ಟ ಆಯ್ತು ಅಂತ ಇಷ್ಟು ಖುಷಿಯಾ?" ಎಂದು ಲಲಿತಾ ಕೇಳಿದಳು. ಸಂತೋಷ ನಷ್ಟಕ್ಕಲ್ಲ, ಸಿದ್ಧಾಂತಕ್ಕೆ ಎಂದೆ. ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳಿ ಹಾಳುಮಾಡಬಾರದು. ಅಂದು ಕಾಲೇಜಿಗೆ ರಜೆ ಇತ್ತು; ಶೇವ್ ಮಾಡಿಕೊಂಡು, ಇಸ್ತ್ರಿ ಶರಟು ಹಾಕಿಕೊಂಡು ಬಸ್ಸು ಹತ್ತಿದೆ.

ಅಕ್ಕ ಹೊಂಗನೂರಿನ ಒಂದು ಸೀಮಂತಕ್ಕೆ ಹೊರಟು ನಿಂತಿದ್ದಳು. "ಏನಿದ್ರೂ ದಾರೀಲಿ ಹೇಳು, ಹತ್ತು" ಎಂದಳು. ಊರು ದಾಟುವವರೆಗೆ ತಡೆದುಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದೆ. ಕಾರು ಸದ್ದಿಲ್ಲದೆ ಹೋಗುತ್ತಿತ್ತು. ಹಿಂದುಗಡೆ ಹುಳಿಯ ಡಬರಿಯೂ ಸದ್ದು ಮಾಡಲಿಲ್ಲ.

"ಹೌದಾ? ಭೇಷಾಯ್ತು ಬಿಡು" ಎಂದಳು ಅಕ್ಕ. ಅವಳ ದನಿಯಲ್ಲಿ ನಿಜವಾದ ಸಂತೋಷವಿತ್ತು. "ಎಷ್ಟು ದಿನದಿಂದ ಕಾಯ್ತಿದ್ದೆ ಪಾಪ. ನಾಳೇನೇ ಹೋಗಿ ನೀನೂ ತಕ್ಕೊಂಡ್ಬಿಡು. ಲಲಿತಂಗೂ ಅನುಕೂಲ."

"ಈಗಲೇ?" ಎಂದೆ. "ಇಳಿಯಲು ಶುರುವಾಗಿರುವಾಗ ಯಾರಾದರೂ ಕೊಳ್ಳುತ್ತಾರೇನು?"

ಅಕ್ಕ ಒಂದು ಸಲ ನನ್ನ ಕಡೆ ತಿರುಗಿ ನೋಡಿ, ಎದುರಿಗೆ ಬಂದ ಎತ್ತಿನ ಗಾಡಿಗೆ ದಾರಿ ಬಿಟ್ಟಳು. ಕೂಟಗಲ್‌ನ ಆ ಯಜಮಾನತಿ ನಾದಿನಿಯ ಮಗುವಿನ ನಾಮಕರಣಕ್ಕೆ ಮತ್ತೆ ತನಗೇ ಅಡುಗೆ ಹೇಳಿದ್ದಾಳೆಂದು ಆಮೇಲೆ ಹೇಳಿದಳು. ಅದು ಬೆಲೆಯ ವಿಷಯವಲ್ಲವಾದ್ದರಿಂದ ನಾನು ಅಷ್ಟಾಗಿ ಕಿವಿಗೊಡಲಿಲ್ಲ.

ಹೊಂಗನೂರಿನಲ್ಲಿ ಬಡಿಸುವವರಲ್ಲಿ ಒಬ್ಬ ಕಡಿಮೆಯಿದ್ದ. ಅಕ್ಕ ನನ್ನ ಇಸ್ತ್ರಿ ಶರಟಿನ ಮೇಲೆ ಒಂದು ಟವೆಲು ಹೊದಿಸಿ, ಕೈಗೆ ಸಾರಿನ ಬಕೆಟ್ಟು ಕೊಟ್ಟಳು. ಪಂಕ್ತಿಯ ತುದಿಯಲ್ಲಿ ಕೂತಿದ್ದ ಒಬ್ಬ ಹಿರಿಯರು ಅನ್ನವನ್ನು ಗುಡ್ಡೆ ಮಾಡಿ, ನಡುವೆ ಗುಳಿ ತೋಡಿಕೊಂಡು, ಹೊರಗೆ ನಿಂತಿದ್ದ ಕಾರನ್ನೇ ನೋಡುತ್ತಿದ್ದರು. ನಾನು ಸೌಟು ಎತ್ತುವಷ್ಟರಲ್ಲಿ, "ಏನಪ್ಪಾ, ಆ ಕರೆಂಟ್ ಕಾರು ಈಗೆಷ್ಟು ನಡೀತಾ ಐತೆ?" ಎಂದು ಕೇಳಿದರು. ಎರಡು ವರ್ಷದಲ್ಲಿ ನನ್ನನ್ನು ಯಾರೂ ಇಷ್ಟು ಮರ್ಯಾದೆಯಿಂದ ಆ ಪ್ರಶ್ನೆ ಕೇಳಿರಲಿಲ್ಲ. ಸೌಟನ್ನು ಬಕೆಟ್ಟಿಗೆ ಇಳಿಬಿಟ್ಟು ಶುರುಮಾಡಿದೆ. ಮೊದಲು ಬೆಲೆ ಎಷ್ಟಿತ್ತು, ಯಾವಾಗ ಏರಿತು, ಏಕೆ ಇಳಿಯಿತು, ಚಿಕ್ಕ ಬ್ಯಾಟರಿಗೂ ದೊಡ್ಡ ಬ್ಯಾಟರಿಗೂ ಅಂತರವೇನು, ಬಾಡಿಗೆ ಬ್ಯಾಟರಿಯಲ್ಲಿರುವ ಮೋಸವೇನು, ಇನ್ನೊಂದು ವರ್ಷ ಕಾಯುವುದೇ ಏಕೆ ಜಾಣತನ. ಅವರು ಅಕ್ಕಪಕ್ಕದವರ ಎಲೆಗಳನ್ನೂ ನನ್ನ ಬಕೆಟ್ಟನ್ನೂ ಒಂದೆರಡು ಸಲ ನೋಡಿದರು. ಪಂಕ್ತಿಯ ಆಚೆ ತುದಿಯವರು ಆಗಲೇ ಮಜ್ಜಿಗೆಗೆ ಬಂದಿದ್ದರು.

"ನೀ ಹೇಳೋದೆಲ್ಲಾ ಸರಿ ಕಣಪ್ಪ," ಎಂದರು ಹಿರಿಯರು ಬಹಳ ಸಮಾಧಾನದಿಂದ, "ಒಸಿ ಸಾರು ಬುಡು."