ಜೌಗು ನೆಲದ ಒಕ್ಕಲುಗಳು

ಗುಮಾಸ್ತ ಜೌಗು ನೆಲದ ಜೀವಿಗಳನ್ನು ಎಣಿಸಿದ್ದು ಕಚೇರಿಯ ಪದ್ಧತಿಯಂತೆ: ನಡುಮಧ್ಯಾಹ್ನ, ಕೊಡೆ ಹಿಡಿದು, ದಂಡೆಯ ಮೇಲೆ ಹತ್ತು ನಿಮಿಷ ನಿಂತು. ಆ ಉರಿಬಿಸಿಲಿಗೆ ಬುದ್ಧಿಯಿರುವ ಯಾವ ಪ್ರಾಣಿಯೂ ಹೊರಬರುವುದಿಲ್ಲ. 'ಜೀವಿಗಳು: ಇಲ್ಲ' ಎಂದು ಬರೆದು ಸಹಿ ಹಾಕಿದ. ಆ ಸಹಿಯ ಬಲದಿಂದ ಅರ್ಧ ಜೌಗಿಗೆ ಮಣ್ಣು ಬಿತ್ತು, ಮನೆಗಳೆದ್ದವು. ಅಲ್ಲಿದ್ದ ಕಪ್ಪೆ, ಆಮೆ, ನೀರುಹಾವು, ನೀರುಕೋಳಿಗಳೆಲ್ಲ ಉಳಿದರ್ಧಕ್ಕೆ ಬಂದು ಇಕ್ಕಟ್ಟಿನಲ್ಲಿ ಸಂಸಾರ ಹೂಡಿದವು.

ಇಂದು ಬೆಳಿಗ್ಗೆ ಫೋನ್ ಬಂತು. ಮೇಲಧಿಕಾರಿ ಮೇಡಂ ನಾಲ್ಕಕ್ಕೆ ಜೌಗು ನೋಡಲು ಬರುತ್ತಾರಂತೆ. ಒಂದು ಕಪ್ಪೆ ಕಂಡರೂ ಸುಳ್ಳು ವರದಿ ಕೊಟ್ಟವನ ಕೆಲಸ ಹೋಗುತ್ತದೆ. ಹಾಗೆಂದು ಗುಮಾಸ್ತ ಬೇಲಿಯಾಚೆಗೆ ಗೋಳು ತೋಡಿಕೊಂಡ.

"ಅಷ್ಟಕ್ಕೆಲ್ಲ ಹೆದರ್ತಾರೇನ್ರೀ?" ಎಂದರು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು. "ಎಲ್ಲಾನೂ ಹಿಡಿದು ನಿಮ್ಮನೇಲಿಟ್ಕೊಳ್ಳಿ. ಮೇಡಂ ಹೋದ್ಮೇಲೆ ಬಿಟ್ರಾಯ್ತು."

"ನಮ್ಮನೇಲಿ ಯಾಕೆ ಸಾರ್?"

"ಸಹಿ ನಿಮ್ದು ತಾನೇ?"

ಎದುರುಮನೆಯ ಟೈಲರಮ್ಮ ಸೊಳ್ಳೆಪರದೆ ಕೊಟ್ಟರು. ಗುಮಾಸ್ತ ಸೊಂಟದ ತನಕ ಕೆಸರಿಗಿಳಿದ. ಹೆಡ್‌ಮಾಸ್ತರು ಮಾತ್ರ ದಂಡೆಯಿಂದಲೇ, "ಎಡಗಡೆ! ಅಲ್ರೀ, ನನ್ನ ಎಡಗಡೆ!" ಎಂದು ಕೂಗಿ ಕೂಗಿ ಸುಸ್ತಾದರು. ಮೂರೂವರೆಗೆ ಬಚ್ಚಲಲ್ಲಿ ಆಮೆ, ಕಪ್ಪೆಗಳು, ಬಕೆಟ್ಟಿನಲ್ಲಿ ಹಾವು, ಮಂಚದಡಿ ನೀರುಕೋಳಿಯ ಕುಟುಂಬ. ಹೆಂಡತಿ, "ಇವು ಇರ್ಬೇಕು, ಇಲ್ಲ ನಾನಿರ್ಬೇಕು" ಎಂದು ಬ್ಯಾಗು ಹಿಡಿದು ಅಕ್ಕನ ಮನೆಗೆ ನಡೆದಳು.

ಮೇಡಂ ಬೂಟು ಹಾಕಿಕೊಂಡು ಒಂದು ಗಂಟೆ ಹುಡುಕಿದರು. ಅವರ ಮುಖ ಸಪ್ಪಗಾಯಿತು.

"ಏನೂ ಇಲ್ವಲ್ರೀ!"

"ನಾನು ಆವತ್ತೇ ಬರೆದಿದ್ದೆ ಮೇಡಂ," ಗುಮಾಸ್ತ ಎದೆಯುಬ್ಬಿಸಿದ.

"ಛೇ! ಊರಲ್ಲಿ ಉಳಿದಿರೋ ಜೌಗು ಇದೊಂದೇ. ಹತ್ತು ಜಾತಿ ಸಿಕ್ಕಿದ್ರೂ ಇದನ್ನ ರಕ್ಷಿತ ತಾಣ ಮಾಡಿ, ಬಡ್ತಿ ಕೊಟ್ಟು ನಿಮ್ಮನ್ನೇ ಇಲ್ಲಿ ಹಾಕೋಣ ಅಂತಿದ್ದೆ. ಬಿಡಿ, ನಾಳೆಯಿಂದ ಇದಕ್ಕೂ ಮಣ್ಣು ಹಾಕ್ಲಿ."

"ಇವೆ ಮೇಡಂ! ಹನ್ನೆರಡು ಜಾತಿ ಇವೆ! ನಮ್ಮನೇಲಿ!"

ಮೇಡಂ ಬಂದರು, ಬಚ್ಚಲು ನೋಡಿದರು, ಮಂಚದಡಿ ಬಗ್ಗಿದರು. ಆಮೇಲೆ ಪೆನ್ನು ತೆಗೆದರು.

"ವನ್ಯಜೀವಿ ಕೂಡಿಹಾಕೋದು ಅಪರಾಧ ಕಣ್ರೀ. ನೀವು ಸಸ್ಪೆಂಡ್. ಇವೆಲ್ಲ ಸಾಕ್ಷಿಗಳು, ಕೇಸು ಮುಗಿಯೋ ತನಕ ಒಂದೂ ಇಲ್ಲಿಂದ ಕದಲಬಾರದು. ನೀವು ಮನೆ ಖಾಲಿ ಮಾಡಿ."

"ಮತ್ತೆ ಜೌಗು, ಮೇಡಂ?"

"ಅಲ್ಲೇನಿದೆ? ನಾನೇ ಕಣ್ಣಾರೆ ನೋಡಿದ್ನಲ್ಲ."

ಹಾಸಿಗೆ ಸುತ್ತಿಕೊಂಡು ಬೀದಿಯಲ್ಲಿ ನಿಂತವನ ಹೆಗಲ ಮೇಲೆ ಹೆಡ್‌ಮಾಸ್ತರು ಕೈಯಿಟ್ಟರು.

"ಯೋಚ್ನೆ ಮಾಡ್ಬೇಡಿ. ಜೌಗು ಮುಚ್ಚಿ ಹೊಸ ಮನೆ ಕಟ್ತಾರಲ್ಲ, ಅಲ್ಲೇ ಒಂದು ಬಾಡಿಗೆಗೆ ಸಿಗುತ್ತೆ."